ಬತ್ತೇರಿಯಿಂದ ಕೊಹಿಮಾದವರೆಗೆ: ಯುದ್ಧಭೂಮಿ ಮತ್ತು ಸೈನಿಕ ಸ್ಮಶಾನಗಳ ಪ್ರವಾಸಕ್ಕೊಂದು ಮಾರ್ಗದರ್ಶಿ

ಯುದ್ಧ ನಡೆದ ಜಾಗ ನೋಡಲು ಹೋಗುತ್ತೇನೆ ಎಂದು ಮೊದಲ ಸಲ ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೋಡಲಿಕ್ಕೆ ಏನುಂಟು?"

ಪ್ರಶ್ನೆ ಸರಿಯಾದದ್ದೇ. ಹೆಚ್ಚಿನ ಯುದ್ಧಭೂಮಿಗಳಲ್ಲಿ ನೋಡಲು ಏನೂ ಇರುವುದಿಲ್ಲ. ಒಂದು ಗುಡ್ಡ, ಒಂದು ಹೊಳೆ, ಅರ್ಧ ಬಿದ್ದ ಗೋಡೆ, ಪಕ್ಕದಲ್ಲೊಂದು ಗೂಡಂಗಡಿ. ನೋಡಬೇಕಾದದ್ದನ್ನು ನಾವೇ ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು. ಸೈನಿಕ ಸ್ಮಶಾನದಲ್ಲಿ ತೊಂದರೆ ಬೇರೆಯದು. ಅಲ್ಲಿ ಕಲ್ಲುಗಳು ಸಾವಿರ ಇರುತ್ತವೆ, ಯಾವುದರ ಮುಂದೆ ನಿಲ್ಲಬೇಕೆಂದು ತಿಳಿಯುವುದಿಲ್ಲ. ಎರಡಕ್ಕೂ ತಯಾರಿ ಬೇಕು. ಆ ತಯಾರಿಯನ್ನು ಊರಿನಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಮೊದಲು, ಸತ್ತವರಿಗೆ ಒಂದು ಕಲ್ಲೂ ಇಲ್ಲದ ಮಂಗಳೂರಿನ ಮುತ್ತಿಗೆಯ ನೆಲ, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಫಲಕವಿರುವ ಸ್ಮಶಾನ. ಈ ಕ್ರಮದಲ್ಲಿ ಹೋದರೆ ಎರಡೂ ಅರ್ಥವಾಗುತ್ತವೆ.

ಮೊದಲ ಹೆಜ್ಜೆ: ಊರಿನ ನೆಲದಲ್ಲಿ ಕಣ್ಣು ಪಳಗಿಸುವುದು

ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗದ ಮಂಗಳೂರಿಗರು ಕಡಿಮೆ. ಆದರೆ ಹೋದವರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ, ಕೋವಿಕಂಡಿಯಲ್ಲಿ ಮುಖವಿಟ್ಟು ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಮುಂದಿನ ಸಲ ಹೋಗುವ ಮುನ್ನ ಈ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1783ರ ಮಾರ್ಚ್‌ನಲ್ಲಿ ಬ್ರಿಟಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ ಎಂಬ ಸ್ಕಾಟಿಷ್ ಅಧಿಕಾರಿ, ಅವನ ಹೈಲ್ಯಾಂಡ್ ಸೈನಿಕರು, ಮುಂಬಯಿ ಕಡೆಯ ಸಿಪಾಯಿಗಳು. ಹೊರಗೆ ಮೈಸೂರಿನ ಸೈನ್ಯ, ಜೊತೆಗೆ ಫ್ರೆಂಚರು. ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದ ಮೇಲೆ ಫ್ರೆಂಚರು ಹಿಂದೆ ಸರಿದರು, ಆಗಸ್ಟ್ 2ರಂದು ಕದನವಿರಾಮವಾಯಿತು. ಕಾಳಗ ನಿಂತರೂ ಮುತ್ತಿಗೆ ನಿಲ್ಲಲಿಲ್ಲ. ಒಳಗಿನವರು ಹಸಿವಿನಲ್ಲಿ, ಸ್ಕರ್ವಿ ರೋಗದಲ್ಲಿ ಕರಗುತ್ತಾ ಹೋದರು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ, ಎರಡು ತಿಂಗಳು ಕಳೆಯುವುದರೊಳಗೆ ಮುಂಬಯಿಯಲ್ಲಿ ತೀರಿಕೊಂಡ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಆ ಕೋಟೆಯನ್ನು ಟಿಪ್ಪುವೇ ಕೆಡವಿಸಿದ. ಈಗ ನಾವು ಹತ್ತಿ ನಿಲ್ಲುವ ಬತ್ತೇರಿ ಮುತ್ತಿಗೆಯ ಕೋಟೆಯ ಭಾಗವಲ್ಲ. ಆ ಪಾಠ ಕಲಿತ ಮೇಲೆ, ಹಡಗುಗಳು ಹೊಳೆಯೊಳಗೆ ನುಗ್ಗದಂತೆ 1784ರಲ್ಲಿ ಟಿಪ್ಪು ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು.

ಇನ್ನು ಮೇಲೆ ಹತ್ತಿ. ಎದುರಿಗೆ ಗುರುಪುರ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳು, ಅದರಾಚೆ ಸಮುದ್ರ. ಎಡಕ್ಕೆ, ತೆಂಕು ದಿಕ್ಕಿಗೆ ಕಣ್ಣು ಹಾಯಿಸಿದರೆ ನೇತ್ರಾವತಿ ಬಂದು ಸೇರುವ ಅಳಿವೆಬಾಗಿಲಿನ ಕಡೆ. ಕಂಡಿಯ ಒಳಬದಿಯಲ್ಲಿ ನಿಂತು ಕೋವಿ ಹಿಡಿದವನ ಭುಜ ಎಲ್ಲಿ ಬರುತ್ತದೆ ಎಂದು ನೋಡಿ, ಅಲ್ಲಿಂದ ಹೊಳೆಯ ಎಷ್ಟು ಅಗಲ ಕಾಣುತ್ತದೆ ಎಂದು ಅಳೆಯಿರಿ. ಕಂಡಿ ಒಳಗೆ ಅಗಲ, ಹೊರಗೆ ಕಿರಿದೇ? ಯಾವ ಕಡೆಗೆ ಹೆಚ್ಚು ಕಂಡಿಗಳಿವೆ? ಶತ್ರು ಎಲ್ಲಿಂದ ಬರುತ್ತಾನೆಂದು ಕಟ್ಟಿದವನು ಎಣಿಸಿದ್ದನೋ ಅದನ್ನು ಗೋಡೆಯೇ ಹೇಳುತ್ತದೆ. ಯಾವ ಕೋಟೆಗೆ ಹೋದರೂ ಈ ಪ್ರಶ್ನೆಗಳನ್ನೇ ಕೇಳಬಹುದು.

ಇಲ್ಲೊಂದು ವಿಚಿತ್ರ ಸಲಹೆ. ಎಲ್ಲ ಪ್ರವಾಸಿ ಕೈಪಿಡಿಗಳೂ ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ ಎನ್ನುತ್ತವೆ. ಬತ್ತೇರಿಗೆ ಮಾತ್ರ ಒಮ್ಮೆ ಜುಲೈಯಲ್ಲಿ ಹೋಗಿ, ಕೊಡೆ ಹಿಡಿದು ಹತ್ತು ನಿಮಿಷ ನಿಲ್ಲಿ. ಆಟಿಯ ಮಳೆಯಲ್ಲಿ ಆಚೆ ದಡವೇ ಕಾಣಿಸುವುದಿಲ್ಲ. ಮೇಯಿಂದ ಜನವರಿವರೆಗೆ ಎಂದರೆ ಇಡೀ ಮಳೆಗಾಲ. ಕಡಲು ಮುಚ್ಚಿದ ಮೇಲೆ ಮುಂಬಯಿಯಿಂದ ಅಕ್ಕಿ ಬರುವುದಾದರೂ ಹೇಗೆ, ಹೊರಗೆ ಕಂದಕದ ಕೆಸರಿನಲ್ಲಿ ನಿಂತ ಮೈಸೂರಿನ ಸಿಪಾಯಿಯ ಪಾಡಾದರೂ ಏನು? ಎರಡು ಕಡೆಯಲ್ಲೂ ಗುಂಡಿಗಿಂತ ಮಳೆ, ರೋಗ, ಹಸಿವು ಎಷ್ಟು ಕಾಡಿರಬೇಕು ಎಂಬುದು ಅಲ್ಲಿ ನೆನೆಯುತ್ತಾ ನಿಂತಾಗ ಹೊಳೆಯುತ್ತದೆ. ಮೆಟ್ಟಿಲಿನ ಮೇಲೆ ಪಾಚಿ ಇರುತ್ತದೆ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ನಾನು ಹಿಡಿಯದೆ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡವನು.

ಆ ಎಂಟು ತಿಂಗಳುಗಳಲ್ಲಿ ಸತ್ತವರ ಹೆಸರಿನ ಫಲಕ ಊರಿನಲ್ಲಿ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಭಾರತೀಯ ಸೇನೆಯ ಗ್ರೆನೆಡಿಯರ್ಸ್ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ 'ಮ್ಯಾಂಗಲೋರ್' ಎಂಬ ಹೆಸರಿದೆ. ಕೋಟೆಯೊಳಗೆ ಹಸಿದಿದ್ದ ಮುಂಬಯಿ ಸಿಪಾಯಿಗಳ ಪಡೆಯಿಂದ ಅದು ಬಂದದ್ದು. ನಮ್ಮೂರಿನ ಹೆಸರು ಹೊತ್ತವರು ನಮಗೆ ಗೊತ್ತಿಲ್ಲ!

ಅದೇ ದಿನ ಮುಗಿಸಬಹುದಾದ ಇನ್ನೆರಡು

ಬಾವುಟಗುಡ್ಡೆಯನ್ನು ಲೈಟ್‌ಹೌಸ್ ಹಿಲ್ ಎಂದೇ ಕರೆದು ಅಭ್ಯಾಸವಾದವರು ಹಳೆಯ ಹೆಸರಿಗೆ ಗಮನ ಕೊಡಿ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತ ಪಡೆ ಕಂಪನಿ ಸರಕಾರದ ಬಾವುಟ ಇಳಿಸಿ ತಮ್ಮದನ್ನು ಹಾರಿಸಿತು, ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಅಲ್ಲಿ ಈಗ ಆ ಪಡೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಇದೆ, 2022ರಲ್ಲಿ ಅನಾವರಣಗೊಂಡದ್ದು. ಪ್ರತಿಮೆ ನೋಡಿ ಹೊರಟುಬಿಡಬೇಡಿ. ಬೆನ್ನು ತಿರುಗಿಸಿ ಹಳೆ ಬಂದರಿನ ಕಡೆ ನೋಡಿ. ಹಡಗಿನಲ್ಲಿ ಕುಮ್ಮಕ್ಕು ಬಂದರೆ ಮೊದಲು ಕಾಣುವುದು ಈ ಗುಡ್ಡಕ್ಕೇ. ದಂಗೆ ಮುರಿದ ಮೇಲೆ ನಾಯಕರನ್ನು ಗಲ್ಲಿಗೇರಿಸಿದ ಬಿಕರ್ನಕಟ್ಟೆಯ ಮೂಲಕ ಈಗ ದಿನವೂ ಸಾವಿರಾರು ವಾಹನಗಳು ಹೋಗುತ್ತವೆ.

ಕದ್ರಿಯ ಯುದ್ಧ ಸ್ಮಾರಕಕ್ಕೆ, ಉಡುಪಿಯವರಾದರೆ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೆ, ಜುಲೈ 26ರಂದು ಹೋಗಿ. ಕಾರ್ಗಿಲ್ ವಿಜಯ ದಿನದ ಕಾರ್ಯಕ್ರಮಕ್ಕೆ ಮಾಜಿ ಸೈನಿಕರು ಪದಕ ಧರಿಸಿ ಬರುತ್ತಾರೆ. ಭಾಷಣ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ "ನೀವು ಯಾವ ರೆಜಿಮೆಂಟು, ಸರ್?" ಎಂದು ಕೇಳಿದರೆ ಸಾಕು. ಯುದ್ಧದ ಬಗ್ಗೆ ನೇರವಾಗಿ ಕೇಳಬೇಡಿ, ಎಷ್ಟು ಜನರನ್ನು ಕೊಂದಿರಿ ಎಂದಂತೂ ಬೇಡವೇ ಬೇಡ. ಎಲ್ಲಿ ಪೋಸ್ಟಿಂಗ್ ಇತ್ತು, ಚಳಿ ಹೇಗಿತ್ತು, ಊಟ ಏನಿತ್ತು ಎಂದು ಕೇಳಿ. ಉಳಿದದ್ದು ಅವರಿಗೆ ಬೇಕೆನಿಸಿದರೆ ತಾನಾಗಿ ಬರುತ್ತದೆ.

ಎರಡನೆಯ ಹೆಜ್ಜೆ: ಒಂದು ಇಡೀ ದಿನದ ಏರು

ಗಡಾಯಿಕಲ್ಲು, ಅಂದರೆ ಜಮಾಲಾಬಾದ್ ಕೋಟೆ, ಬೆಳ್ತಂಗಡಿಯಿಂದ ಸುಮಾರು ಎಂಟು ಕಿಲೋಮೀಟರ್. 1794ರಲ್ಲಿ ಟಿಪ್ಪು ಕಟ್ಟಿಸಿ ತಾಯಿಯ ಹೆಸರಿಟ್ಟ ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಬ್ರಿಟಿಷರ ಪಾಲಾಯಿತು. ಮೇಲೆ ಹೋಗಲು ಇರುವುದು ಒಂದೇ ದಾರಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು, ಲೆಕ್ಕ ಹಾಕಿದವರ ಪ್ರಕಾರ 1,876. ಕೋಟೆಯ ಯುದ್ಧನೀತಿಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಆ ಮೆಟ್ಟಿಲುಗಳು ಕಲಿಸುತ್ತವೆ. ನೂರು ಮೆಟ್ಟಿಲಿಗೊಮ್ಮೆ ನಿಂತು, ಇಲ್ಲಿ ಮೇಲಿನಿಂದ ಬರೀ ಕಲ್ಲು ಉರುಳಿಸಿದರೆ ನಾನು ಎಲ್ಲಿಗೆ ಸರಿಯಬಹುದು ಎಂದು ನೋಡಿಕೊಳ್ಳಿ. ಎಲ್ಲಿಗೂ ಇಲ್ಲ.

ಇದು ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ ಜಾಗ, ಗೇಟಿನಲ್ಲಿ ಟಿಕೆಟ್ ಪಡೆಯಬೇಕು. ಮಳೆಗಾಲದಲ್ಲಿ ಚಾರಣ ನಿಲ್ಲಿಸುತ್ತಾರೆ, ಆದ್ದರಿಂದ ವಿಚಾರಿಸಿಕೊಂಡೇ ಹೊರಡಿ. ಬೆಳಿಗ್ಗೆ ಏಳರೊಳಗೆ ಹತ್ತಲು ಆರಂಭಿಸಿ. ಹನ್ನೊಂದರ ಮೇಲೆ ಆ ಬಂಡೆ ಕಾವಲಿಯಂತೆ ಕಾಯುತ್ತದೆ. ತಲೆಗೆ ಎರಡು ಲೀಟರ್ ನೀರು ಕಡ್ಡಾಯ. ಒಂದು ಲೀಟರ್ ಒಯ್ದು, ಅದನ್ನೂ ಅರ್ಧದಲ್ಲೇ ಮುಗಿಸಿ, ಕೊನೆಗೆ ಅಪರಿಚಿತ ಕಾಲೇಜು ಹುಡುಗರ ಮುಂದೆ ಕೈಚಾಚಿದ ನೆನಪು ನನಗಿದೆ.

ಉಳ್ಳಾಲ ಮತ್ತು ಬಸ್ರೂರುಗಳನ್ನು ಒಂದೊಂದು ಸಂಜೆಗೆ ಇಟ್ಟುಕೊಳ್ಳಿ. ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕಳ ಪ್ರತಿಮೆ, ಸೋಮೇಶ್ವರದ ಬಂಡೆಗಳು. ಬಸ್ರೂರಿನಲ್ಲಿ 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಕೊಳ್ಳೆ ಹೊಡೆದ ಬಂದರಿನ ಹೊಳೆದಂಡೆ. ಅಬ್ಬಕ್ಕನ ಬಗ್ಗೆ ಹೆಚ್ಚು ತಿಳಿಯಬೇಕಾದರೆ ಬಂಟ್ವಾಳದ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋಗಿ.

ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಟಿಪ್ಪುವಿನ ಹೆಸರು ಎತ್ತಿದರೆ ಒಂದು ಮನೆಯಲ್ಲಿ ಕಣ್ಣು ಅರಳುತ್ತದೆ, ಇನ್ನೊಂದು ಮನೆಯಲ್ಲಿ ಮುಖ ಬಿಗಿಯುತ್ತದೆ. 1784ರಲ್ಲಿ ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟ ಕ್ರೈಸ್ತರ ವಂಶದವರು ಇಲ್ಲೇ ಇದ್ದಾರೆ. ಪ್ರವಾಸಿಗನಾಗಿ ನಿಮ್ಮ ಕೆಲಸ ಕೇಳಿಸಿಕೊಳ್ಳುವುದು. ತೀರ್ಪು ಕೊಡುವ ಚಪಲವಿದ್ದರೆ ವಾಪಸು ಬಸ್ಸಿನಲ್ಲಿ ಕುಳಿತು ಕೊಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಹೊರಡುವ ಮೊದಲು ಒಂದು ಹೆಸರು ಹುಡುಕುವುದು

ದೂರದ ಸೈನಿಕ ಸ್ಮಶಾನಕ್ಕೆ ಹೆಸರಿಲ್ಲದೆ ಹೋಗಬೇಡಿ. ಸಾವಿರ ಕಲ್ಲುಗಳ ನಡುವೆ ಒಂದು ಕಲ್ಲನ್ನಾದರೂ ನೀವು ಹುಡುಕಿಕೊಂಡು ಬಂದಿರಬೇಕು.

ಎರಡು ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್ ದೇಶಗಳ ಸೈನಿಕರ ಲೆಕ್ಕ ಇಟ್ಟಿರುವುದು 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗ (ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್). ಅಂದಿನ ಭಾರತೀಯ ಸೇನೆಯವರೂ ಅದರಲ್ಲಿ ಸೇರಿದ್ದಾರೆ. ಅದರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ನಮ್ಮವರಿಗೆ ಎದುರಾಗುವ ತೊಡಕು ಕಾಗುಣಿತದ್ದು. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಇಂಗ್ಲಿಷ್‌ನಲ್ಲಿ ಶೆಟ್ಟಿ, ಪೂಜಾರಿ, ಬ್ಯಾರಿ, ಡಿಸೋಜ ಎಲ್ಲವೂ ಹತ್ತು ವೇಷ ಹಾಕಿರುತ್ತವೆ. ಆದ್ದರಿಂದ ಹೆಸರಿನಿಂದ ಹುಡುಕಿ ಸೋತರೆ ಊರಿನಿಂದ ಹುಡುಕಿ. ಹೆಚ್ಚುವರಿ ವಿವರದ ಅಂಕಣದಲ್ಲಿ ಎಷ್ಟೋ ಸಲ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತವೆ. ಆಗ ದಕ್ಷಿಣ ಕನ್ನಡ, ಉಡುಪಿ ಎರಡೂ ಮದ್ರಾಸ್ ಪ್ರಾಂತ್ಯದ 'ಸೌತ್ ಕೆನರಾ'. ಉಡುಪಿಯನ್ನು 'ಉಡಿಪಿ', ಕುಂದಾಪುರವನ್ನು 'ಕೂಂಡಾಪೂರ್', ಕಾರ್ಕಳವನ್ನು 'ಕಾರ್ಕಲ್' ಎಂಬ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೂ ಹಾಕಿ ನೋಡಿ. ಹೆಸರು ಸಿಕ್ಕಿದ ಕೂಡಲೇ ಸ್ಮಶಾನದ ಹೆಸರು, ಪ್ಲಾಟ್, ಸಾಲು, ಸಮಾಧಿ ಸಂಖ್ಯೆ, ಈ ನಾಲ್ಕನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸಮಾಧಿ ಗೊತ್ತಿಲ್ಲದವರ ಹೆಸರು ಸ್ಮಾರಕ ಫಲಕದಲ್ಲಿರುತ್ತದೆ: ಬರ್ಮಾದಲ್ಲಿ ಕಾಣೆಯಾದವರು ರಂಗೂನ್ ಸ್ಮಾರಕದಲ್ಲಿ, ಮಲಯ ಕಡೆಯವರು ಸಿಂಗಾಪುರದ ಕ್ರಾಂಜಿಯಲ್ಲಿ, ಮೊದಲ ಯುದ್ಧದಲ್ಲಿ ಫ್ರಾನ್ಸ್‌ಗೆ ಹೋದವರು ನ್ಯೂವ್ ಶಪೆಲ್‌ನಲ್ಲಿ.

ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಮಡಿದವರಿಗೆ ಇಂಥ ಸ್ಮಶಾನಗಳಿಲ್ಲ, ದೇಹ ಊರಿಗೇ ಬರುತ್ತದೆ ಅಥವಾ ಗಡಿಯಲ್ಲೇ ಸಂಸ್ಕಾರವಾಗುತ್ತದೆ. ಅವರ ಹೆಸರುಗಳು ದೆಹಲಿಯಲ್ಲಿ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಗಳಲ್ಲಿವೆ.

ನಾಲ್ಕನೆಯ ಹೆಜ್ಜೆ: ಹಳೆಯ ಕಲ್ಲು ಓದಲು ಶ್ರೀರಂಗಪಟ್ಟಣ

ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಮೈಸೂರು, ಅಲ್ಲಿಂದ ಅರ್ಧ ಗಂಟೆ. ಕೋಟೆಯ ವಾಯವ್ಯ ಮೂಲೆಯಲ್ಲಿ 1799ರ ಮೇ 4ರ ಮಧ್ಯಾಹ್ನ ಒಡೆದ ಗೋಡೆಯ ಹತ್ತಿರ ಸ್ತಂಭವಿದೆ. ಕಾವೇರಿಯ ಕಡೆ ನೋಡಿ ನಿಂತರೆ ಬೇಸಿಗೆಯಲ್ಲಿ ಹೊಳೆ ಎಷ್ಟು ಬತ್ತುತ್ತದೆ, ಆ ದಿನವನ್ನೇ ಯಾಕೆ ಆರಿಸಿಕೊಂಡರು ಎಂಬುದು ತಿಳಿಯುತ್ತದೆ. ಮಳೆ ಬಂದು ಹೊಳೆ ತುಂಬಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಮಂಗಳೂರಿನ ಮುತ್ತಿಗೆ ನೋಡಿ ಬಂದವರಿಗೆ ಇದು ಬೇಗ ತಟ್ಟುತ್ತದೆ.

ನಾನು ಇಲ್ಲಿಗೆ ಕಳಿಸುವುದು ಮುಖ್ಯವಾಗಿ ಗ್ಯಾರಿಸನ್ ಸ್ಮಶಾನಕ್ಕೆ. ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ, ಹೊಳೆಯ ದಡದಲ್ಲಿ ಸುಮಾರು ಮುನ್ನೂರು ಸಮಾಧಿಗಳು. ಕಂಪನಿಯ ಕೂಲಿಗೆ ಕಾದಾಡಿದ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡತಿಯರು, ಮಕ್ಕಳು. ಸವೆದ ಬರಹ ಓದಲು ಒಂದು ಉಪಾಯ: ನಡುಹಗಲು ಹೋಗಬೇಡಿ. ಬೆಳಿಗ್ಗೆ ಎಂಟರ ಮುಂಚೆ ಅಥವಾ ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಗೆರೆಯೊಳಗೆ ನೆರಳು ತುಂಬಿ ಸಾಲು ಎದ್ದು ನಿಲ್ಲುತ್ತದೆ. ಮೋಡವಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿಗೆ ಕೆನ್ನೆ ತಾಗಿಸಿದಂತೆ ಪಕ್ಕದಿಂದ ಹಿಡಿಯಿರಿ. ಮಸುಕಾದ ಗೀಟೊಂದು ಮೊದಲು 'ಎಲ್' ಆಗಿ, ಆಮೇಲೆ 'ಲೆಫ್ಟಿನೆಂಟ್' ಆಗಿ, ಕೊನೆಗೆ ಇಪ್ಪತ್ತರ ಆಸುಪಾಸಿನ ವಯಸ್ಸಾಗಿ ಕಾಣಿಸಿಕೊಳ್ಳುತ್ತದೆ. ಸೀಮೆಸುಣ್ಣ ತಿಕ್ಕುವುದು, ನೀರು ಸುರಿದು ಉಜ್ಜುವುದು, ಕೀಲಿಕೈಯಿಂದ ಪಾಚಿ ಕೆರೆಯುವುದು ಖಂಡಿತ ಕೂಡದು. ಇನ್ನೂರು ವರ್ಷ ಉಳಿದ ಅಕ್ಷರ ನಮ್ಮ ಉತ್ಸಾಹಕ್ಕೆ ಬಲಿಯಾಗಬಾರದು.

ಐದನೆಯ ಹೆಜ್ಜೆ: ಚೆನ್ನೈನಲ್ಲಿ ಮೊದಲ ಯುದ್ಧ ಸ್ಮಶಾನ

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನದ ಮೇಲ್ ಹತ್ತಿದರೆ ಮರುದಿನ ಮುಂಜಾನೆ ಚೆನ್ನೈ. ಮೆಟ್ರೊದಲ್ಲಿ ಸೇಂಟ್ ಥಾಮಸ್ ಮೌಂಟ್‌ಗೆ ಹೋಗಿ, ಅಲ್ಲಿಂದ ಆಟೊದಲ್ಲಿ ನಂದಂಬಾಕ್ಕಂ. ಪೂನಮಲ್ಲಿ ರಸ್ತೆಯ ಗದ್ದಲದ ಪಕ್ಕದಲ್ಲೇ ಮದ್ರಾಸ್ ಯುದ್ಧ ಸ್ಮಶಾನವಿದೆ: ಎರಡನೆಯ ಮಹಾಯುದ್ಧದ 857 ಸಮಾಧಿಗಳು. ಇಲ್ಲಿ ಕಾಳಗ ನಡೆದಿಲ್ಲ. ದಕ್ಷಿಣ ಮತ್ತು ಪೂರ್ವ ಭಾರತದ ಬೇರೆ ಬೇರೆ ಊರುಗಳ ಸ್ಮಶಾನಗಳಲ್ಲಿದ್ದವರನ್ನು, ಅಲ್ಲಿ ನೋಡಿಕೊಳ್ಳುವುದು ಕಷ್ಟವೆಂದು, ಆಮೇಲೆ ಒಟ್ಟುಗೂಡಿಸಿದ್ದು.

ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಓದಿ. ಮೊದಲು ರೆಜಿಮೆಂಟಿನ ಲಾಂಛನ, ಆಮೇಲೆ ಸೇವಾ ಸಂಖ್ಯೆ ಮತ್ತು ದರ್ಜೆ, ಹೆಸರು, ಪಡೆ, ಸತ್ತ ದಿನ, ವಯಸ್ಸು, ಧರ್ಮದ ಚಿಹ್ನೆ. ಬುಡದಲ್ಲಿ, ಹುಲ್ಲು ಬೆಳೆದರೆ ಮುಚ್ಚಿಹೋಗುವಷ್ಟು ಕೆಳಗೆ, ಮನೆಯವರು ಬರೆಸಿದ ಒಂದೆರಡು ಸಾಲು. ನಾನು ಮೊದಲ ಭೇಟಿಯಲ್ಲಿ ಲಾಂಛನಗಳ ಫೋಟೋ ತೆಗೆಯುವ ಭರದಲ್ಲಿ ಆ ಕೊನೆಯ ಸಾಲನ್ನು ಓದಿರಲೇ ಇಲ್ಲ. ಎಲ್ಲ ಕಲ್ಲುಗಳ ಎತ್ತರ, ಅಗಲ ಒಂದೇ. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಎಂಬುದಿಲ್ಲ. ಬದುಕಿದ್ದಾಗ ಒಂದೇ ಮೇಜಿನಲ್ಲಿ ಕೂರಲು ಬಿಡದವರು ಇಲ್ಲಿ ಒಂದೇ ಸಾಲಿನಲ್ಲಿದ್ದಾರೆ.

ಪ್ರವೇಶದ್ವಾರದ ಬಳಿ ಹೆಚ್ಚಾಗಿ ಗೋಡೆಯಲ್ಲೊಂದು ಪುಟ್ಟ ಲೋಹದ ಬಾಗಿಲಿರುತ್ತದೆ, ಒಳಗೆ ಸಮಾಧಿಗಳ ಪಟ್ಟಿ ಮತ್ತು ಭೇಟಿ ಪುಸ್ತಕ. ಕಾಣಿಸದಿದ್ದರೆ ತೋಟದ ಕೆಲಸದವರನ್ನು ಕೇಳಿ, ಯಾವ ಸಾಲು ಎಲ್ಲಿದೆ ಎಂದು ಅವರಿಗೆ ಬಾಯಿಪಾಠ. ಚಪ್ಪಲಿ ಬಿಚ್ಚಬೇಕಾಗಿಲ್ಲ. ಸಮಾಧಿಯ ಮುಂದಿನ ಹೂಪಾತಿಯನ್ನು ಮಾತ್ರ ತುಳಿಯಬೇಡಿ, ಕಲ್ಲಿಗೆ ಒರಗಬೇಡಿ, ತಿಂಡಿ ಪೊಟ್ಟಣ ಬಿಚ್ಚಬೇಡಿ. ಸೆಲ್ಫಿ ಬಗ್ಗೆ ಹೇಳಬೇಕಾಗಿ ಬರಬಾರದಿತ್ತು.

ಹೂವು? ನಾನು ಒಯ್ಯುವುದು ಶಂಕರಪುರ ಮಲ್ಲಿಗೆ. ಹೊರಡುವ ದಿನ ಬೆಳಿಗ್ಗೆ ಒಂದು ಚೆಂಡು ತೆಗೆದುಕೊಂಡು, ಕಟ್ಟಿಕೊಟ್ಟ ಬಾಳೆಯ ಎಲೆಯನ್ನು ಬಿಚ್ಚದೆ, ಮೇಲೆ ಒದ್ದೆ ಬಟ್ಟೆ ಸುತ್ತಿ ಚೀಲದ ಮೇಲ್ಭಾಗದಲ್ಲಿ ಇಟ್ಟರೆ ರಾತ್ರಿ ಪ್ರಯಾಣ ತಾಳುತ್ತದೆ. ಅಂಚು ಸ್ವಲ್ಪ ಕೆಂಪಾಗುತ್ತದೆ, ಪರಿಮಳ ಹೋಗುವುದಿಲ್ಲ. ಕಲ್ಲಿನ ಬುಡದಲ್ಲಿ ಇಡಿ, ಮೇಲೆ ಹೊದಿಸಬೇಡಿ. ಪ್ಲಾಸ್ಟಿಕ್ ದಾರ ಬೇಡ. ಊದುಬತ್ತಿ, ಕರ್ಪೂರ, ಎಣ್ಣೆದೀಪ ಕಲ್ಲಿಗೆ ಕಲೆ ಹಿಡಿಸುತ್ತವೆ, ಅವನ್ನು ಮನೆಯಲ್ಲೇ ಹಚ್ಚಿ.

ಆರನೆಯ ಹೆಜ್ಜೆ: ಕೊಹಿಮಾ

ಇಷ್ಟಾದ ಮೇಲೆ ಕೊಹಿಮಾಕ್ಕೆ ಹೋಗಿ, ಅದಕ್ಕೆ ಮೊದಲು ಬೇಡ. ಇಲ್ಲಿ ಯುದ್ಧಭೂಮಿಯೂ ಸ್ಮಶಾನವೂ ಒಂದೇ ಗುಡ್ಡ.

ನಾಗಾಲ್ಯಾಂಡಿಗೆ ಹೊರಗಿನವರು ಇನ್ನರ್ ಲೈನ್ ಪರ್ಮಿಟ್ ಪಡೆಯಬೇಕು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಗುರುತಿನ ಚೀಟಿಯ ಪ್ರತಿ, ಫೋಟೋ ಸಿದ್ಧವಿರಲಿ, ಪರ್ಮಿಟ್ಟನ್ನು ಮುದ್ರಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ವಿಮಾನದಲ್ಲಾದರೆ ದಿಮಾಪುರ. ತಾಳ್ಮೆ ಇರುವವರಿಗೆ ಕನ್ಯಾಕುಮಾರಿಯಿಂದ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ ಇದೆ. ಮಂಗಳೂರಿನಿಂದ ಪಾಲಕ್ಕಾಡಿಗೆ ಹೋಗಿ ಅದನ್ನು ಹಿಡಿದರೆ ದಿಮಾಪುರದಲ್ಲಿ ಇಳಿಯಬಹುದು. ಮೂರು ರಾತ್ರಿಗಿಂತ ಕಡಿಮೆಯಾಗದು, ಉಪ್ಪಿನಕಾಯಿ ಮರೆಯಬೇಡಿ. ದಿಮಾಪುರದಿಂದ ಕೊಹಿಮಾ ಸುಮಾರು 74 ಕಿಲೋಮೀಟರ್ ಘಟ್ಟ ರಸ್ತೆ, ಶೇರ್ ಸುಮೊಗಳು ಸಿಗುತ್ತವೆ. ಡಿಸೆಂಬರ್ ಮೊದಲ ಹತ್ತು ದಿನ ಹಾರ್ನ್‌ಬಿಲ್ ಉತ್ಸವದ ಗದ್ದಲ, ಕೋಣೆ ಸಿಗುವುದು ಕಷ್ಟ. ಉತ್ಸವ ನಡೆಯುವ ಕಿಸಾಮಾದಲ್ಲೇ ಯುದ್ಧ ಸಂಗ್ರಹಾಲಯವಿದೆ. ಸ್ಮಶಾನಕ್ಕಾಗಿ ಹೋಗುವವರು ಉತ್ಸವ ಮುಗಿದ ಮೇಲೆ ಹೋಗಿ. ಇಂಫಾಲವನ್ನೂ ಸೇರಿಸುವ ಆಸೆ ಸಹಜ. ಅಲ್ಲಿ ಎರಡು ಯುದ್ಧ ಸ್ಮಶಾನಗಳು, ಜಪಾನೀಯರ ಕಡೆಯನ್ನೂ ಹೇಳುವ ಶಾಂತಿ ಸಂಗ್ರಹಾಲಯ ಇವೆ. ಆದರೆ 2023ರಿಂದ ಮಣಿಪುರದ ಸ್ಥಿತಿ ಹದಗೆಟ್ಟಿದೆ, ಅಲ್ಲಿಗೂ ಪರ್ಮಿಟ್ ಬೇಕು. ಆ ವಾರದ ಪರಿಸ್ಥಿತಿ ವಿಚಾರಿಸಿಯೇ ತೀರ್ಮಾನಿಸಿ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೂ ಬ್ರಿಟಿಷ್ ಮತ್ತು ಭಾರತೀಯ ಸೈನಿಕರಿಗೂ ಇಲ್ಲಿ ಕಾಳಗ ನಡೆದದ್ದು 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ. ಸ್ಮಶಾನವಿರುವುದು ಗ್ಯಾರಿಸನ್ ಗುಡ್ಡದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಏರುವ 1,420 ಸಮಾಧಿಗಳು. ನೆಟ್ಟಗೆ ನಿಂತ ಕಲ್ಲುಗಳ ಬದಲು ಇಲ್ಲಿ ಗಿಡ್ಡ ಕಲ್ಲುಪೀಠಗಳ ಮೇಲೆ ಕಂಚಿನ ಫಲಕಗಳು. ಕೆಳಗೆ ಬ್ರಿಟಿಷ್ ಸೇನೆಯ ಎರಡನೆಯ ಡಿವಿಷನ್ನಿನ ಸ್ಮಾರಕ, ಊರಿಗೆ ಮರಳಿದಾಗ ನಮ್ಮ ಬಗ್ಗೆ ಹೇಳಿ ಎಂದು ಕೇಳಿಕೊಳ್ಳುವ ಆ ಪ್ರಸಿದ್ಧ ಸಾಲುಗಳು. ಎಲ್ಲರೂ ಅದರ ಫೋಟೋ ತೆಗೆದು ಅಲ್ಲಿಂದಲೇ ಹಿಂತಿರುಗುತ್ತಾರೆ. ನೀವು ಹತ್ತಿ.

ಮೇಲೆ ಹೋದರೆ ಟೆನ್ನಿಸ್ ಅಂಗಳ. ಜಿಲ್ಲಾಧಿಕಾರಿಯ ಬಂಗಲೆಯದ್ದು, ಬಂಗಲೆ ಇಲ್ಲ, ಅಂಗಳದ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಗುರುತಿಸಿ ಉಳಿಸಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೆಜ್ಜೆ ಎಣಿಸಿ. ಉದ್ದ 24 ಮೀಟರ್‌ಗೂ ಸ್ವಲ್ಪ ಕಡಿಮೆ, ನಮ್ಮ ಊರಿನ ಶಾಲೆಯ ವಾಲಿಬಾಲ್ ಅಂಗಳಕ್ಕಿಂತ ಆರು ಮೀಟರ್ ಹೆಚ್ಚು ಅಷ್ಟೆ. ಈ ಗೆರೆಯ ಆಚೆ ಒಂದು ಸೈನ್ಯ, ಈಚೆ ಇನ್ನೊಂದು, ದಿನಗಟ್ಟಲೆ ಕೈಬಾಂಬುಗಳನ್ನು ಚೆಂಡಿನಂತೆ ಎಸೆದಾಡಿದ್ದಾರೆ. ಆಚೆಯವರು ಕೆಮ್ಮಿದರೆ ಕೇಳಿಸುವಷ್ಟು ದೂರ.

ಇನ್ನೂ ಹತ್ತಿ, ತುತ್ತತುದಿಗೆ. ಅಲ್ಲಿ ದಹನ ಸ್ಮಾರಕವಿದೆ, ಅವರವರ ಪದ್ಧತಿಯಂತೆ ಸಂಸ್ಕಾರವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳು. ನೀವು ಊರಿನಲ್ಲಿ ಬರೆದಿಟ್ಟುಕೊಂಡ ಹೆಸರು ಕೊಹಿಮಾದ್ದಾಗಿದ್ದರೆ ಇಲ್ಲಿರುವ ಸಾಧ್ಯತೆ ಹೆಚ್ಚು. ಹೆಸರುಗಳು ರೆಜಿಮೆಂಟಿನ ಪ್ರಕಾರ, ಅದರೊಳಗೆ ದರ್ಜೆಯ ಪ್ರಕಾರ ಇರುತ್ತವೆ, ಆದ್ದರಿಂದ ಪಡೆಯ ಹೆಸರು ಗೊತ್ತಿಲ್ಲದೆ ಹುಡುಕಲು ಹೋದರೆ ಕತ್ತು ನೋಯುತ್ತದೆ.

ಫೋಟೋ ತೆಗೆಯುವಾಗ ಮೂರು ತೆಗೆಯಿರಿ: ಹೆಸರು ಮಾತ್ರ, ಇಡೀ ಫಲಕ, ಸುತ್ತಲಿನ ಗುಡ್ಡ ಕಾಣುವಂತೆ ದೂರದಿಂದ ಒಂದು. ಪ್ರತಿ ಸಾಲಿನ ಆರಂಭದಲ್ಲಿ ಪ್ಲಾಟ್ ಮತ್ತು ಸಾಲಿನ ಗುರುತಿನದ್ದೂ ಒಂದಿರಲಿ. ಚೆನ್ನೈಯಲ್ಲಿ ತೆಗೆದ ನನ್ನ ಅರುವತ್ತು ಚಿತ್ರಗಳಲ್ಲಿ ಯಾವುದು ಯಾವ ಸಾಲಿನದ್ದೆಂದು ಇವತ್ತಿಗೂ ತಿಳಿದಿಲ್ಲ. ಅದೇ ರಾತ್ರಿ ಕೋಣೆಯಲ್ಲಿ ಕುಳಿತು ಹೆಸರು ಹಾಕಿಡಿ. ಆ ಮನೆಯವರು ಊರಿನಲ್ಲಿದ್ದರೆ ಚಿತ್ರವನ್ನು ಮೊಬೈಲಿಗೆ ಕಳಿಸುವುದರ ಜೊತೆಗೆ ಮುದ್ರಿಸಿಯೂ ಕೊಡಿ, ಹಿಂದುಗಡೆ ಸಾಲಿನ ಸಂಖ್ಯೆ ಬರೆದು. ಮನೆಯ ಹಿರಿಯರಿಗೆ ಗೋಡೆಗೆ ತೂಗುಹಾಕಲು ಅದೇ ಬೇಕಾಗುತ್ತದೆ.